ಹಳೇ ಕಾರಿಗೆ ಅಲಾರಂ: ಮಲೆನಾಡಿನ ಮಳೆಗೂ ಇಳಿಜಾರಿಗೂ ಒಗ್ಗುವಂಥದ್ದನ್ನು ಆರಿಸುವ ಕ್ರಮ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಹಳೇ ಮಾರುತಿ 800, ಓಮ್ನಿ, ಝೆನ್, ಸುಮೋಗಳಿಗೆ ಅಲಾರಂ ಹಾಕಿಸಿದವರು ಬಹಳ ಮಂದಿ ಬೇಸಿಗೆಯಲ್ಲಿ ಹಾಕಿಸಿ, ಆಷಾಢದ ಹೊತ್ತಿಗೆ ಅದರ ಫ್ಯೂಸ್ ಕಿತ್ತಿಟ್ಟಿರುತ್ತಾರೆ. ಮಳೆ ಹೊಡೆದರೆ ಸೈರನ್ ಕೂಗುತ್ತದೆ. ಎರಡು ವಾರ ಗಾಡಿ ತೆಗೆಯದಿದ್ದರೆ ಬ್ಯಾಟರಿ ಡೌನ್ ಆಗುತ್ತದೆ. ರಿಮೋಟ್ ಒದ್ದೆಯಾದ ದಿನ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಫ್ಯೂಸ್ ಕಿತ್ತ ಮೇಲೆ ಆ ಕಾರಿಗೆ ಕಾವಲೇ ಇಲ್ಲ.

ಇದಕ್ಕೆ ಕಾರಣ ಹೆಚ್ಚಿನ ಸಲ ಕೆಟ್ಟ ಅಲಾರಂ ಅಲ್ಲ, ಹಿಂದುಮುಂದಾದ ಕ್ರಮ. ಮೊದಲು ಕಿಟ್ ಕೊಂಡು, ಆಮೇಲೆ ಅದನ್ನು ಕಾರಿಗೆ ಹೊಂದಿಸಲು ಹೊರಡುತ್ತೇವೆ. ಹಳೇ ಕಾರಿನಲ್ಲಿ ಮೊದಲು ಕಾರನ್ನು ನೋಡಬೇಕು, ಅಳೆಯಬೇಕು, ರಿಪೇರಿ ಮಾಡಬೇಕು. ಅಂಗಡಿಗೆ ಹೋಗುವುದು ಐದನೇ ಹಂತ. ಇಲ್ಲಿ ಹೇಳಿರುವುದೆಲ್ಲ 12 ವೋಲ್ಟಿನ, ಕೈ ಗೇರಿನ, ಕಂಪನಿಯಿಂದ ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಹತ್ತದಂತೆ ತಡೆಯುವ ಸಾಧನ) ಬಾರದ ಗಾಡಿಗಳಿಗೆ.

## ಕೈಗೆ ಬೇಕಾದ ಸಲಕರಣೆ

10 ಆಂಪಿಯರ್ ತನಕ ಡಿ.ಸಿ. ಕರೆಂಟ್ ಅಳೆಯುವ ಡಿಜಿಟಲ್ ಮಲ್ಟಿಮೀಟರ್ ಇಲ್ಲದೆ ಈ ಕೆಲಸ ಶುರು ಮಾಡಬೇಡಿ. ಜೊತೆಗೆ 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಸ್ಪ್ಯಾನರ್, ಸ್ಕ್ರೂಡ್ರೈವರ್, ಸಾಲ್ಡರಿಂಗ್ ಐರನ್, ಹೀಟ್ ಶ್ರಿಂಕ್ ಸ್ಲೀವ್, ಮರಳು ಕಾಗದ, ಪೆಟ್ರೋಲಿಯಂ ಜೆಲ್ಲಿ ಇರಲಿ. ಫಿಟ್ಟಿಂಗಿಗೆ 1.5 ಚದರ ಮಿ.ಮೀ. ವೈರ್ ಸುಮಾರು 10 ಮೀಟರ್, ಸೆಲ್ಫ್ ವೈರಿಗೆ 2.5 ಚದರ ಮಿ.ಮೀ. ವೈರ್ 3 ಮೀಟರ್, 30/40 ಆಂಪಿಯರಿನ ಐದು ಪಿನ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ, ಬಿಡಿಸುವ ಸ್ವಿಚ್) ಎರಡು (ಸಾಕೆಟ್ ಸಮೇತ), ಫ್ಯೂಸ್ ಹೋಲ್ಡರ್ ಎರಡು, ರಬ್ಬರ್ ಗ್ರಾಮೆಟ್ ನಾಲ್ಕೈದು. ಎಲೆಕ್ಟ್ರಿಷಿಯನ್ ಕೈಲಿ ಮಾಡಿಸುವುದಾದರೂ ಈ ಪಟ್ಟಿ ನಿಮಗೆ ಗೊತ್ತಿರಲಿ. ಸಾಲ್ಡರಿಂಗ್ ಐರನ್ ತರದೆ ಬರೀ ಇನ್ಸುಲೇಶನ್ ಟೇಪ್ ಹಿಡಿದು ಬಂದವರಿಗೆ ಕೆಲಸ ಕೊಡಬೇಡಿ.

## ಹಂತ 1: ಮೊದಲು ಬೀಗ, ಬಾಗಿಲು, ಬಾನೆಟ್

ಹಳೇ ಕಾರಿನ ಕೀ ಸವೆದಿರುತ್ತದೆ, ಬೀಗದ ಒಳಗಿನ ಎಲೆಗಳೂ ಸವೆದಿರುತ್ತವೆ. ಅರ್ಧ ತಿರುಗಿದ ಕೀಯನ್ನು ಹೊರಗೆಳೆದು ನೋಡಿ. ಸಲೀಸಾಗಿ ಬಂದುಬಿಟ್ಟರೆ ಬೇರೆ ಕಾರಿನ ಕೀಗೂ ಆ ಬೀಗ ತೆರೆಯಬಹುದು. ಇಗ್ನಿಷನ್ ಮತ್ತು ಬಾಗಿಲ ಬೀಗಗಳನ್ನು ಸೆಟ್ಟಾಗಿ ಬದಲಿಸಿ. ಸ್ಟಿಯರಿಂಗ್ ಲಾಕ್ ಬೀಳುತ್ತದೆಯೇ ಎಂಬುದನ್ನೂ ಕೀ ತೆಗೆದು, ಸ್ಟಿಯರಿಂಗ್ ಎರಡೂ ಕಡೆ ತಿರುಗಿಸಿ ನೋಡಿ.

ಮುಂದಿನದು ಬಾಗಿಲ ಪಿನ್ ಸ್ವಿಚ್. ಬಾಗಿಲು ತೆರೆದರೆ ಕಂಬದ ಮೇಲೆ ಕಾಣುವ ಸಣ್ಣ ಗುಂಡಿ ಅದು, ಒಳಗಿನ ದೀಪ ಹತ್ತಿಸುವುದೂ ಅದೇ. ಒಂದೇ ಸ್ಕ್ರೂ ಅದನ್ನು ಹಿಡಿದಿರುತ್ತದೆ, ಅದರ ಅರ್ಥಿಂಗ್ ಕೂಡ ಆ ಸ್ಕ್ರೂ ಮೂಲಕವೇ ಬಾಡಿಗೆ ಸೇರುತ್ತದೆ. ಸ್ಕ್ರೂ ಬಿಚ್ಚಿ ಸ್ವಿಚ್ಚನ್ನು ಹೊರಗೆಳೆಯಿರಿ. ನಮ್ಮ ಕಡೆಯ ಕಾರುಗಳಲ್ಲಿ ರಬ್ಬರ್ ಟೊಪ್ಪಿ ಹರಿದು, ಗುಂಡಿಯ ಕಾಂಡದ ಸುತ್ತ ಹಸಿರು ಕಿಲುಬು ಕಟ್ಟಿ, ಸ್ಕ್ರೂ ತೂತಿನ ಸುತ್ತ ಕೆಂಪು ತುಕ್ಕಿನ ಪುಡಿ ಕೂತಿರುತ್ತದೆ. ಈ ಸ್ಥಿತಿಯಲ್ಲಿ ಎರಡು ತೊಂದರೆ: ಬಾಗಿಲು ತೆರೆದರೂ ಅಲಾರಮ್ಮಿಗೆ ಗೊತ್ತಾಗುವುದಿಲ್ಲ, ಇಲ್ಲವೇ ತೇವ ಹೆಚ್ಚಾದ ರಾತ್ರಿ ಬಾಗಿಲು ಮುಚ್ಚಿದ್ದರೂ ತೆರೆದಂತೆ ತೋರಿಸಿ ಸೈರನ್ ಕೂಗುತ್ತದೆ. ಮರಳು ಕಾಗದದಲ್ಲಿ ಲೋಹ ಹೊಳೆಯುವ ತನಕ ತಿಕ್ಕಿ, ಹೊಸ ಸ್ವಿಚ್ ಹಾಕಿ, ಸ್ಕ್ರೂ ತಲೆಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಕಡಿಮೆ ಬೆಲೆಯ ಹಳೇ ಮಾಡೆಲ್‌ಗಳಲ್ಲಿ ಹಿಂದಿನ ಬಾಗಿಲಿಗೂ ಡಿಕ್ಕಿಗೂ ಸ್ವಿಚ್ಚೇ ಇರುವುದಿಲ್ಲ. ಅಲ್ಲಿ ಹೊಸದಾಗಿ ಕೂರಿಸಬೇಕು, ಕೊರೆದ ತೂತಿನ ಅಂಚಿಗೆ ಬಣ್ಣ ಹಚ್ಚಬೇಕು.

ಬಾನೆಟ್ ಬಗ್ಗೆ ಯಾರೂ ಯೋಚಿಸುವುದಿಲ್ಲ, ಆದರೆ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿ, ಸೈರನ್, ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೂರೂ ಇರುವುದು ಅದರ ಕೆಳಗೆ. ಒಳಗಿನಿಂದ ಎಳೆಯುವ ಕೇಬಲ್ ಸಡಿಲವಾಗಿದ್ದರೆ, ಗ್ರಿಲ್ ಸಂದಿಯಲ್ಲಿ ತಂತಿ ತೂರಿಸಿ ಬಾನೆಟ್ ಎತ್ತುವಂತಿದ್ದರೆ ಅದನ್ನು ಸರಿಪಡಿಸಿ. ಹೊರಗಿನಿಂದಲೇ ಬಾನೆಟ್ ತೆರೆಯುವ ಜೀಪುಗಳಿಗೆ ಬೇರೆ ಬೀಗ ಬೇಕೇಬೇಕು.

## ಹಂತ 2: ಬ್ಯಾಟರಿ ಮತ್ತು ಅರ್ಥಿಂಗ್ ಅಳೆಯಿರಿ

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಬೆಳಿಗ್ಗೆ ಅಳೆದರೆ 12.6 ವೋಲ್ಟ್ ಇರಬೇಕು. 12.2 ಅಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4 ಬರಬೇಕು. ಅದಕ್ಕಿಂತ ಕಡಿಮೆ ಬಂದರೆ ಮೊದಲು ಆಲ್ಟರ್ನೇಟರ್ ರಿಪೇರಿ ಮಾಡಿಸಿ.

ಆಮೇಲೆ ಸೋರುವ ಕರೆಂಟ್. ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿಟ್ಟು ಜೋಡಿಸಿ. 20 ನಿಮಿಷ ಬಿಟ್ಟು ಓದಿ. ಈ ಹೊತ್ತಿನಲ್ಲಿ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹಾರಿಹೋಗುತ್ತದೆ, ಕೀಯನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಅಲಾರಂ ಹಾಕಿದ ಮೇಲೂ ಒಟ್ಟು 50 ಮಿಲಿ ಆಂಪಿಯರ್ ದಾಟಬಾರದು. ಈಗಲೇ 40 ಇದ್ದರೆ ಸ್ಟೀರಿಯೋ ವೈರಿಂಗ್ ಅಥವಾ ಡಿಕ್ಕಿ ದೀಪ ಎಲ್ಲೋ ಕುಡಿಯುತ್ತಿದೆ. ಒಂದೊಂದೇ ಫ್ಯೂಸ್ ತೆಗೆದು ಹುಡುಕಿ.

ಲೆಕ್ಕ ಹೀಗೆ. 40 ಮಿಲಿ ಆಂಪಿಯರ್ ಅಂದರೆ ದಿನಕ್ಕೆ ಸುಮಾರು 1 ಆಂಪಿಯರ್ ಅವರ್, 15 ದಿನಕ್ಕೆ ಸುಮಾರು 14. ಮಾರುತಿ 800ರ 35 ಆಂಪಿಯರ್ ಅವರ್ ಬ್ಯಾಟರಿ ಹೊಸದಾಗಿದ್ದರೆ ತಡೆಯುತ್ತದೆ. ನಾಲ್ಕು ವರ್ಷ ಹಳೆಯದಾಗಿ ಶಕ್ತಿ ಅರ್ಧಕ್ಕಿಳಿದಿದ್ದರೆ ಹದಿನೈದನೇ ದಿನ ಸೆಲ್ಫ್ ಟಕ್ ಅಂದು ನಿಲ್ಲುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಕಾರು ಶೆಡ್ಡಿನಲ್ಲೇ ಇರುವ ಮನೆಗಳಿಗೆ ಈ ಲೆಕ್ಕವೇ ಅಲಾರಂ ಆಯ್ಕೆಯ ಮೊದಲ ಜರಡಿ. ಕಾವಲಿನ ಸ್ಥಿತಿಯಲ್ಲಿ 20 ಮಿಲಿ ಆಂಪಿಯರಿಗಿಂತ ಹೆಚ್ಚು ಎಳೆಯುವ ಅಲಾರಂ ಬೇಡ.

ಅರ್ಥಿಂಗ್ ನೋಡಲು ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಮೊನೆ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಬಾಡಿಯ ಬರಿ ಲೋಹಕ್ಕೆ ಹಿಡಿಯಿರಿ. 0.2 ವೋಲ್ಟ್ ದಾಟಿದರೆ ಅರ್ಥ್ ಪಟ್ಟಿ ತುಕ್ಕು ತಿಂದಿದೆ, ಬದಲಿಸಿ.

## ಹಂತ 3: ಎಂಜಿನ್ ಎಲ್ಲಿ ಕಟ್ ಮಾಡಬೇಕು?

ಕಳ್ಳನನ್ನು ತಡೆಯುವುದು ಎಂಜಿನ್ ಕಟ್, ಅಂದರೆ ಅಲಾರಂ ಹಾಕಿದ್ದಾಗ ಎಂಜಿನ್ ಹತ್ತದಂತೆ ರಿಲೇ ಮೂಲಕ ವೈರಿನ ಕರೆಂಟ್ ತಪ್ಪಿಸುವುದು. ಸೈರನ್ ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ಆದ್ದರಿಂದ ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ.

ಅಂಗಡಿಯವರು ಸಾಮಾನ್ಯವಾಗಿ ಸೆಲ್ಫ್ ವೈರ್ ಒಂದನ್ನೇ ಕಟ್ ಮಾಡಿ ಕೊಡುತ್ತಾರೆ. ಬಯಲುಸೀಮೆಯಲ್ಲಿ ಅದು ಅಷ್ಟಿಷ್ಟು ನಡೆದೀತು. ಮಲೆನಾಡಿನಲ್ಲಿ ನಡೆಯುವುದಿಲ್ಲ. ಇಲ್ಲಿ ಮನೆ ದಿಬ್ಬದ ಮೇಲೆ, ರಸ್ತೆ ಕೆಳಗೆ. ಹ್ಯಾಂಡ್‌ಬ್ರೇಕ್ ಇಳಿಸಿ, ಚಕ್ರಕ್ಕೆ ಕೊಟ್ಟ ಕಲ್ಲು ಸರಿಸಿದರೆ ಕಾರು ತಾನಾಗಿ ಉರುಳುತ್ತದೆ. ಉಣುಗೋಲು (ಗೇಟಿನ ಜಾಗದಲ್ಲಿ ಅಡ್ಡ ಇಡುವ ಗಳ) ದಾಟಿ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಹತ್ತಿಕೊಳ್ಳುತ್ತದೆ, ಸೆಲ್ಫಿನ ಸದ್ದೂ ಮನೆಯವರಿಗೆ ಕೇಳುವುದಿಲ್ಲ. ಹಾಗಾಗಿ ಸೆಲ್ಫ್ ಜೊತೆಗೆ ಇಗ್ನಿಷನ್ ಅಥವಾ ಇಂಧನವೂ ಕಟ್ ಆಗಲೇಬೇಕು. ಅದು ಎಲ್ಲಿ ಎಂಬುದು ಎಂಜಿನ್ ಮೇಲೆ ನಿಂತಿದೆ.

ಕಾರ್ಬುರೇಟರ್ ಪೆಟ್ರೋಲ್ ಕಾರು. ಇದರ ಪೆಟ್ರೋಲ್ ಪಂಪ್ ಎಂಜಿನ್ನಿನಿಂದಲೇ ತಿರುಗುವಂಥದ್ದು, ಅದನ್ನು ವೈರಿನಿಂದ ನಿಲ್ಲಿಸಲಾಗದು. ಇಗ್ನಿಷನ್ ಕಾಯಿಲ್‌ಗೆ ಹೋಗುವ ಪಾಸಿಟಿವ್ ವೈರನ್ನು ಡ್ಯಾಶ್‌ಬೋರ್ಡ್ ಒಳಗೇ ಕಟ್ ಮಾಡಿ. ಇದರ ದೌರ್ಬಲ್ಯ ತಿಳಿದಿರಲಿ: ಬಾನೆಟ್ ತೆರೆದವನು ಬ್ಯಾಟರಿಯಿಂದ ಕಾಯಿಲ್‌ಗೆ ನೇರ ಒಂದು ವೈರ್ ಎಳೆದರೆ ನಿಮ್ಮ ಕಟ್ ವ್ಯರ್ಥ. ಬಾನೆಟ್ ಬೀಗ, ಬಾನೆಟ್ ಸ್ವಿಚ್ ಎರಡನ್ನೂ ಒತ್ತಿ ಹೇಳುವುದು ಇದಕ್ಕೇ. ಡೆಲ್ಕೊ (ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಒಳಗೆ ಪಾಯಿಂಟ್ ಸೆಟ್ ಇರುವ ಅಂಬಾಸಿಡರ್, ಪದ್ಮಿನಿಯಂಥ ಗಾಡಿಗಳಿಗೆ ಇನ್ನೊಂದು ದಾರಿಯಿದೆ. ಕಾಯಿಲ್‌ನ ನೆಗೆಟಿವ್ ಕಡೆಯಿಂದ ಒಂದು ವೈರನ್ನು ಅಡಗಿಸಿಟ್ಟ ಸ್ವಿಚ್ ಮೂಲಕ ಬಾಡಿಗೆ ಕೊಟ್ಟರೆ, ನೇರ ವೈರ್ ಎಳೆದರೂ ಕಿಡಿ ಹಾರುವುದಿಲ್ಲ. ಆ ಸ್ವಿಚ್ ಹಾಕಿದ್ದಾಗ ಕೀ ಆನ್ ಮಾಡಿಟ್ಟರೆ ಕಾಯಿಲ್ ಕಾಯುತ್ತದೆ, ಹುಷಾರು. ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಇದನ್ನು ಮಾಡಬೇಡಿ.

ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಪೆಟ್ರೋಲ್ ಕಾರು. ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಪೆಟ್ರೋಲ್ ಪಂಪಿನ ವೈರ್ ಕಟ್ ಮಾಡುವುದು ಒಳ್ಳೆಯದು. ಪೈಪಿನಲ್ಲಿ ಉಳಿದ ಪೆಟ್ರೋಲಿಗೆ ಎಂಜಿನ್ ಒಂದು ಕ್ಷಣ ಹತ್ತಿ ಆರಬಹುದು, ಅದು ದೋಷವಲ್ಲ. ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ವೈರ್, ಇಂಜೆಕ್ಟರ್ ವೈರ್, ಸೆನ್ಸರ್ ವೈರ್, ಹಳದಿ ಹೊದಿಕೆಯ ಏರ್‌ಬ್ಯಾಗ್ ವೈರ್, ಇವನ್ನು ಮುಟ್ಟಲು ಬಿಡಬೇಡಿ.

ಗ್ಯಾಸ್ ಕಿಟ್ ಇರುವ ಓಮ್ನಿ, ವ್ಯಾನ್. ಪೆಟ್ರೋಲ್ ಪಂಪ್ ಕಟ್ ಮಾಡಿಸಿ ನೆಮ್ಮದಿಯಾಗಿರುವವರು ಇದ್ದಾರೆ, ಗಾಡಿ ಗ್ಯಾಸಿನಲ್ಲಿ ಆರಾಮಾಗಿ ಓಡುತ್ತದೆ. ಇದಕ್ಕೆ ಇಗ್ನಿಷನ್ನೇ ಕಟ್ ಆಗಬೇಕು.

ಡೀಸೆಲ್. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಇಲ್ಲ, ಆದ್ದರಿಂದ ಪೆಟ್ರೋಲ್ ಕಾರಿನ ಇಗ್ನಿಷನ್ ಕಟ್ ಇಲ್ಲಿ ಕೆಲಸಕ್ಕೆ ಬಾರದು. ಕೀ ಆಫ್ ಮಾಡಿದರೆ ಎಂಜಿನ್ ನಿಲ್ಲುವ ಗಾಡಿಯಲ್ಲಿ ಡೀಸೆಲ್ ಪಂಪಿನ ಮೇಲೆ ಸಾಮಾನ್ಯವಾಗಿ ಸೊಲೆನಾಯ್ಡ್ (ಕರೆಂಟಿನಿಂದ ಡೀಸೆಲ್ ಬಿಡುವ, ತಡೆಯುವ ಬಿರಡೆ) ಇರುತ್ತದೆ, ಅದರ ವೈರ್ ಕಟ್ ಮಾಡಿ. ನಾಬ್ ಎಳೆದು ನಿಲ್ಲಿಸುವ ಹಳೇ ಜೀಪುಗಳಲ್ಲಿ ಸೊಲೆನಾಯ್ಡ್ ಇಲ್ಲ. ತಳ್ಳಿದರೆ ಕರೆಂಟಿಲ್ಲದೆಯೂ ಹತ್ತುತ್ತದೆ. ಅಂಥ ಗಾಡಿಗೆ ಅಲಾರಂಗಿಂತ ಮೊದಲು ಗೇರ್ ಲಾಕ್, ಸ್ಟಿಯರಿಂಗ್ ರಾಡಿಗೆ ದುಡ್ಡು ಹಾಕಿ.

## ಹಂತ 4: ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ?

ಶಿವಮೊಗ್ಗದ ವಿನೋಬನಗರ, ಗೋಪಾಳ, ದುರ್ಗಿಗುಡಿಯಂಥ ಬಡಾವಣೆಗಳಲ್ಲಿ ಸೈರನ್ ಸದ್ದಿಗೆ ಅಕ್ಕಪಕ್ಕದವರು ಕಿಟಕಿ ತೆರೆಯುತ್ತಾರೆ. ಅಲ್ಲಿ ಜೋರು ಸೈರನ್, ಮಿನುಗುವ ಇಂಡಿಕೇಟರ್ ಸಾಕಷ್ಟು ಕೆಲಸ ಮಾಡುತ್ತವೆ.

ತೋಟದ ನಡುವಿನ ಒಂಟಿ ಮನೆಯಲ್ಲಿ, ಹಂಚಿನ ಮೇಲೆ ಮಳೆ ಸುರಿಯುವಾಗ, ಅಂಗಳದಾಚೆಯ ಶೆಡ್ಡಿನ ಸೈರನ್ ಮಲಗಿದವರಿಗೆ ಕೇಳದು. ಅಂಥಲ್ಲಿ ದಿಂಬಿನ ಪಕ್ಕ ಕೂಗುವ ಎರಡು ದಾರಿಯ ರಿಮೋಟ್ ಇರುವ ಅಲಾರಂ ಬೇಕು. ಡಬ್ಬಿಯ ಮೇಲೆ ಬರೆದ ದೂರ ಬಯಲಿನ ಲೆಕ್ಕ. ಮಣ್ಣಿನ ಗೋಡೆ, ಧರೆ (ಕಡಿದಾದ ಮಣ್ಣಿನ ದಿಬ್ಬ), ಒದ್ದೆ ಮರಗಳು ಅದನ್ನು ತುಂಬ ಇಳಿಸುತ್ತವೆ. ಮಲಗುವ ಕೋಣೆಯಲ್ಲಿ ನಿಂತು ನೋಡಿದ ಮೇಲೆ ಹಣ ಕೊಡುವ ಕರಾರು ಮಾಡಿಕೊಳ್ಳಿ. ಸೈರನ್ ಒಂದನ್ನು ಮನೆಯ ಜಗುಲಿಗೇ ಎಳೆದು ಹಾಕುವ ಉಪಾಯವನ್ನು ಕೆಲವರು ಮಾಡುತ್ತಾರೆ, ಬೇಡ. ಆ ವೈರನ್ನು ದಿನಾ ಬಿಚ್ಚಿ ಹಾಕುವುದು ಒಂದು ವಾರಕ್ಕೇ ಬೇಸರವಾಗುತ್ತದೆ.

ಜಿಪಿಎಸ್ ಟ್ರ್ಯಾಕರ್ ಅಲಾರಂಗೆ ಬದಲಿ ಅಲ್ಲ. ಅದು ಜಾಗ ತಿಳಿಸುವುದು ಮೊಬೈಲ್ ಸಿಗ್ನಲ್ ಮೂಲಕ. ಕಾಡಿನ ರಸ್ತೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಟ್ರ್ಯಾಕರೂ ಸುಮ್ಮನಿರುತ್ತದೆ. ಅಗ್ಗದ ಟ್ರ್ಯಾಕರ್‌ಗಳು ಬಹಳಷ್ಟು 2ಜಿಯವು. ಜಿಯೋ ಕಂಪನಿಗೆ 2ಜಿ ಜಾಲವೇ ಇಲ್ಲ, ಆ ಸಿಮ್ ಹಾಕಿದರೆ ಎಂದೂ ಕೆಲಸ ಮಾಡುವುದಿಲ್ಲ. ನಿಮ್ಮ ಊರಿನಲ್ಲಿ ಯಾವ ಸಿಮ್‌ಗೆ ಕಡ್ಡಿ ಬರುತ್ತದೆ ನೋಡಿ, 4ಜಿ ಟ್ರ್ಯಾಕರನ್ನೇ ಕೊಳ್ಳಿ.

## ಹಂತ 5: ಅಂಗಡಿಯಲ್ಲಿ ಕೇಳಬೇಕಾದದ್ದು

ಈಗ ಶಿವಮೊಗ್ಗದ ಗಾಂಧಿ ಬಜಾರಿಗೋ ಸಾಗರ ರಸ್ತೆಗೋ ಹೋಗಬಹುದು. ಬ್ರ್ಯಾಂಡ್ ಹೆಸರಿಗಿಂತ ಇವು ಮುಖ್ಯ.

ರಿಮೋಟ್ ಕೋಡ್ ಪ್ರತಿ ಸಲ ಒತ್ತಿದಾಗಲೂ ಬದಲಾಗುವ ರೋಲಿಂಗ್ ಕೋಡ್ ಇರಬೇಕು. ಒಂದೇ ಕೋಡಿನ ರಿಮೋಟನ್ನು ನಕಲು ಮಾಡುವುದು ಸುಲಭ.

ಸೈರನ್ ಒಳಗೇ ಸ್ವಂತ ಬ್ಯಾಟರಿ ಇರಬೇಕು. ಇಲ್ಲದಿದ್ದರೆ ಕಾರಿನ ಬ್ಯಾಟರಿ ಕೇಬಲ್ ಕತ್ತರಿಸಿದ ಕ್ಷಣವೇ ಸದ್ದು ನಿಲ್ಲುತ್ತದೆ.

ಬಾಗಿಲ ಇನ್‌ಪುಟ್ ನೆಗೆಟಿವ್, ಪಾಸಿಟಿವ್ ಎರಡಕ್ಕೂ ಇರಲಿ. ನಿಮ್ಮ ಕಾರಿನದು ಯಾವುದು ಎಂದು ತಿಳಿಯಲು ಮೀಟರಿನ ಕೆಂಪು ಮೊನೆ ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಮೊನೆ ಪಿನ್ ಸ್ವಿಚ್ ವೈರಿಗೆ ಹಿಡಿದು ಬಾಗಿಲು ತೆರೆಯಿರಿ. 12 ವೋಲ್ಟ್ ತೋರಿಸಿದರೆ ನೆಗೆಟಿವ್. ಬಾನೆಟ್ ಮತ್ತು ಡಿಕ್ಕಿಗೆ ಬೇರೆ ಇನ್‌ಪುಟ್ ಬೇಕು.

ಇಂಡಿಕೇಟರ್ ಔಟ್‌ಪುಟ್ ಎಡಕ್ಕೊಂದು ಬಲಕ್ಕೊಂದು, ತಲಾ 7.5 ಆಂಪಿಯರಿನದು ಇರಲಿ. ಹಳೇ ಕಾರಿನಲ್ಲಿ 21 ವಾಟಿನ ನಾಲ್ಕು ಬಲ್ಬು ಒಟ್ಟಿಗೆ 7 ಆಂಪಿಯರ್ ಎಳೆಯುತ್ತವೆ. ಒಂದೇ ಸಣ್ಣ ರಿಲೇಯಾದರೆ ಅಂಟಿಕೊಳ್ಳುತ್ತದೆ.

ಗುದ್ದು, ಅಲುಗಾಟ ಹಿಡಿಯುವ ಶಾಕ್ ಸೆನ್ಸರ್ ಎರಡು ಮಟ್ಟದ್ದು (ಹಗುರ ಗುದ್ದಿಗೆ ಸಣ್ಣ ಕೂಗು, ಜೋರಿನದಕ್ಕೆ ಪೂರ್ತಿ ಸೈರನ್), ತಿರುಪಿನಲ್ಲಿ ಹೊಂದಿಸುವಂಥದ್ದು ಇರಬೇಕು. ಒಳಗೆ ಗಾಳಿಯ ಚಲನೆ ಹಿಡಿಯುವ ಅಲ್ಟ್ರಾಸಾನಿಕ್ ಸೆನ್ಸರ್ ಹಳೇ ಕಾರಿಗೆ ಬೇಡ. ಬೀಡಿಂಗ್ (ಅಂಚಿನ ರಬ್ಬರ್) ಸಡಿಲವಾದ ಬಾಗಿಲಲ್ಲಿ ಗಾಳಿ ನುಗ್ಗಿದರೆ ಸಾಕು, ಅದು ಕೂಗುತ್ತದೆ.

ರಿಮೋಟ್ ಕೆಟ್ಟಾಗ ಬಳಸುವ ತುರ್ತು ಬಟನ್ ಅಥವಾ ಪಿನ್ ಸಂಖ್ಯೆಯ ವ್ಯವಸ್ಥೆ ಇದೆಯೇ ಎಂದು ಅಂಗಡಿಯಲ್ಲೇ ಮಾಡಿಸಿ ನೋಡಿ. ಎರಡನೇ ರಿಮೋಟ್ ಮನೆಯಲ್ಲಿರಲಿ, ಡ್ಯಾಶ್‌ಬೋರ್ಡ್ ಖಾನೆಯಲ್ಲಲ್ಲ.

ಬೇಡವೆನ್ನಬೇಕಾದವು ಮೂರು. ಒಂದು, ರಿಮೋಟ್ ಸ್ಟಾರ್ಟ್. ನಮ್ಮಲ್ಲಿ ಇಳಿಜಾರಿನಲ್ಲಿ ಗೇರಿಗೆ ಹಾಕಿಯೇ ಕಾರು ನಿಲ್ಲಿಸುತ್ತೇವೆ. ಜಗುಲಿಯಲ್ಲಿ ಕೂತು ಮಗು ಬಟನ್ ಒತ್ತಿದರೆ ಕಾರು ಮುಂದಕ್ಕೆ ಹಾರುತ್ತದೆ. ಎರಡು, ಕೀ ಬದಲಿಗೆ ಕೂರಿಸುವ ಪುಷ್ ಬಟನ್ ಕಿಟ್. ಅದಕ್ಕಾಗಿ ಸ್ಟಿಯರಿಂಗ್ ಲಾಕನ್ನೇ ಕಿತ್ತುಹಾಕುತ್ತಾರೆ, ಇದ್ದ ಕಾವಲೂ ಹೋಗುತ್ತದೆ. ಮೂರು, ಓಡುವ ಎಂಜಿನ್ ನಿಲ್ಲಿಸುವ ಸೌಲಭ್ಯ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅಥವಾ ಹುಲಿಕಲ್ ಘಾಟಿ ಇಳಿಯುವಾಗ ತಪ್ಪಿ ಇದು ಚಾಲೂ ಆದರೆ ಬ್ರೇಕ್ ಬೂಸ್ಟರಿನ ಸಹಾಯ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಪವರ್ ಸ್ಟಿಯರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ. ಕಿಟ್ಟಿನಲ್ಲಿ ಇದು ಇದ್ದರೆ ಆಫ್ ಮಾಡಿಸಿಕೊಂಡೇ ಅಂಗಡಿಯಿಂದ ಹೊರಡಿ.

ಸೆಂಟ್ರಲ್ ಲಾಕ್ ಬೇಕೆಂದರೆ ಮೋಟಾರ್ ಹಾಕುವ ಮೊದಲು ಬಾಗಿಲೊಳಗಿನ ಸರಳುಗಳಿಗೆ ಗ್ರೀಸ್ ಹಚ್ಚಿಸಿ. ಬಿಗಿಯಾದ ಸರಳನ್ನು ಎಳೆದೆಳೆದು ಮೋಟಾರ್ ಸುಡುತ್ತದೆ.

## ಹಂತ 6: ಫಿಟ್ಟಿಂಗ್

ಕೆಲಸಕ್ಕೆ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ. ಅಲಾರಮ್ಮಿನ ಪಾಸಿಟಿವ್ ವೈರಿನಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಜೋಡಣೆಗಳೆಲ್ಲ ಸಾಲ್ಡರ್ ಆಗಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಬರಬೇಕು. ನಮ್ಮ ತೇವಕ್ಕೆ ಟೇಪಿನ ಅಂಟು ಒಂದೇ ಮಳೆಗಾಲದಲ್ಲಿ ಜಾರಿ, ತಾಮ್ರ ಕಪ್ಪಾಗುತ್ತದೆ.

ಮುಖ್ಯ ಡಬ್ಬಿ ಡ್ಯಾಶ್‌ಬೋರ್ಡಿನ ಒಳಗೆ ಎತ್ತರದಲ್ಲಿರಲಿ. ಮುಂದಿನ ಗಾಜಿನ ಬೀಡಿಂಗಿನಿಂದ ಸೋರಿದ ನೀರು ಸೇರುವುದು ಕಾಲಡಿಯ ಮ್ಯಾಟಿನ ಕೆಳಗೆ. ವೈರುಗಳು ಡಬ್ಬಿಯಿಂದ ಕೆಳಗಿಳಿದು ಮತ್ತೆ ಮೇಲೇರುವಂತೆ ಬಳಸಿ, ಆಗ ವೈರಿನಗುಂಟ ಬಂದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಸೈರನ್ ಬಾಯಿ ಕೆಳಮುಖವಾಗಿ, ಸೈಲೆನ್ಸರ್ ಪೈಪಿನ ಬಿಸಿಯಿಂದ ದೂರ, ಚಕ್ರದ ಕೆಸರು ಚಿಮ್ಮದ ಕಡೆ, ಕೆಳಗಿನಿಂದ ಕೈ ಹಾಕಲಾಗದಂತೆ ಇರಲಿ. ಬಾನೆಟ್ಟಿನೊಳಗಿನ ವೈರುಗಳಿಗೆ ಸುಕ್ಕು ಪೈಪ್ ಹಾಕಿ, ಇಲಿ ಮೊದಲು ಕಡಿಯುವುದು ಅಲ್ಲೇ.

ರಿಲೇ ವಿಷಯದಲ್ಲಿ ತಪ್ಪು ಹೆಚ್ಚು. ಕಾಯಿಲ್ ಅಥವಾ ಪೆಟ್ರೋಲ್ ಪಂಪ್ ವೈರನ್ನು, ರಿಲೇಗೆ ಕರೆಂಟ್ ಇಲ್ಲದಾಗ ಕೂಡಿಯೇ ಇರುವ 30 ಮತ್ತು 87ಎ ಪಿನ್ನುಗಳ ಮೂಲಕ ಸಾಗಿಸಿ. 86ಕ್ಕೆ ಕೀ ಆನ್ ಮಾಡಿದಾಗ ಬರುವ ಪಾಸಿಟಿವ್, 85ಕ್ಕೆ ಅಲಾರಮ್ಮಿನ ಕಟ್ ವೈರ್. ಹೀಗಿದ್ದರೆ ಅಲಾರಂ ದಾರಿಯಲ್ಲಿ ಸತ್ತರೂ ಓಡುವ ಕಾರು ನಿಲ್ಲುವುದಿಲ್ಲ, ನಿಂತ ಕಾರಿನಲ್ಲಿ ರಿಲೇ ಕರೆಂಟೂ ಕುಡಿಯುವುದಿಲ್ಲ. ಕೊರತೆಯೆಂದರೆ ಅಲಾರಮ್ಮಿನ ಡಬ್ಬಿ ಕಿತ್ತವನಿಗೆ ಈ ಕಟ್ ಅಡ್ಡ ಬರುವುದಿಲ್ಲ. ಅದಕ್ಕೆ ಸೆಲ್ಫ್ ವೈರನ್ನು ಮಾತ್ರ 30 ಮತ್ತು 87ರ ಮೂಲಕ ಸಾಗಿಸಿ, ಅಲಾರಂ ಬಿಡಿಸಿದಾಗ ಮಾತ್ರ ರಿಲೇ ಕೂಡುವಂತೆ ಮಾಡಿ. ಅಲಾರಂ ಕೆಟ್ಟರೆ ನಿಮಗೆ ತಳ್ಳಿ ಸ್ಟಾರ್ಟ್ ಮಾಡುವ ದಾರಿ ಉಳಿದಿರುತ್ತದೆ. ಇದಕ್ಕೆ ಬೇಕಾದ ಔಟ್‌ಪುಟ್ ಎಲ್ಲ ಕಿಟ್‌ಗಳಲ್ಲಿ ಇಲ್ಲ, ಕೊಳ್ಳುವಾಗಲೇ ಕೇಳಿ. ಎರಡೂ ರಿಲೇಗಳ 85, 86ರ ನಡುವೆ 1ಎನ್4007 ಡಯೋಡ್ ಹಾಕಿಸಿ, ಬಿಳಿ ಗೆರೆ 86ರ ಕಡೆಗೆ. ಇಲ್ಲದಿದ್ದರೆ ರಿಲೇ ಬಿಡುವಾಗ ಏಳುವ ವೋಲ್ಟೇಜ್ ಅಲಾರಮ್ಮಿನ ಟ್ರಾನ್ಸಿಸ್ಟರನ್ನು ತಿನ್ನುತ್ತದೆ.

ಕತ್ತರಿಸಿದ ಪ್ರತಿ ವೈರಿನ ಬಣ್ಣ, ರಿಲೇ ಇರುವ ಜಾಗ ಒಂದು ಹಾಳೆಯಲ್ಲಿ ಬರೆಸಿಕೊಂಡು ಮನೆಯಲ್ಲಿಡಿ.

## ಹಂತ 7: ಸೆನ್ಸರ್ ಹೊಂದಿಸಿ, ಪರೀಕ್ಷೆ ಮಾಡಿ

ಶಾಕ್ ಸೆನ್ಸರನ್ನು ಡ್ಯಾಶ್‌ಬೋರ್ಡಿನೊಳಗಿನ ಕಬ್ಬಿಣಕ್ಕೆ ಸ್ಕ್ರೂನಿಂದ ಬಿಗಿಯಿರಿ. ತಿರುಪನ್ನು ಅತಿ ಕಡಿಮೆಗಿಟ್ಟು, ಅಂಗೈಯಿಂದ ಬಾಗಿಲ ಗಾಜಿನ ಚೌಕಟ್ಟಿಗೆ ಗುದ್ದಿ. ಎಚ್ಚರಿಕೆಯ ಸಣ್ಣ ಕೂಗು ಬರುವ ತನಕ ಸ್ವಲ್ಪಸ್ವಲ್ಪವೇ ಏರಿಸಿ, ಅಲ್ಲಿಗೇ ನಿಲ್ಲಿಸಿ. ತಗಡಿನ ಶೆಡ್ ಆದರೆ ಮೊದಲ ಜೋರು ಮಳೆಯ ರಾತ್ರಿ, ಗುಡುಗಿನ ಸಂಜೆ ಮತ್ತೆ ನೋಡಬೇಕು. ಕೂಗಿದರೆ ಕಾಲು ಸುತ್ತು ಇಳಿಸಿ. ಹಲಸಿನ ಮರದ ಕೆಳಗೆ ನಿಲ್ಲಿಸುವುದನ್ನಂತೂ ಬಿಡಿ.

ಆಮೇಲೆ ಒಂದೊಂದೇ. ಗಾಜು ಇಳಿಸಿ, ಅಲಾರಂ ಹಾಕಿ, ಒಂದು ನಿಮಿಷ ಬಿಟ್ಟು ಕೈ ಒಳಹಾಕಿ ಬಾಗಿಲು ತೆರೆಯಿರಿ. ನಾಲ್ಕೂ ಬಾಗಿಲು, ಡಿಕ್ಕಿ ಬೇರೆ ಬೇರೆಯಾಗಿ ನೋಡಿ. ಬಾನೆಟ್ ಸ್ವಿಚ್ಚನ್ನು ಬೆರಳಲ್ಲಿ ಒತ್ತಿ ಅಲಾರಂ ಹಾಕಿ, ಬೆರಳು ಬಿಡಿ. ಸೈರನ್ ಕೂಗುವಾಗ ಬ್ಯಾಟರಿ ಕೇಬಲ್ ಬಿಚ್ಚಿ, ಆದರೂ ಅದು ಕೂಗುತ್ತಲೇ ಇರಬೇಕು. ಕೊನೆಗೆ, ಅಲಾರಂ ಹಾಕಿದ ಸ್ಥಿತಿಯಲ್ಲಿ ಸಮತಟ್ಟಾದ ಅಂಗಳದಲ್ಲಿ ಕೀ ಆನ್ ಮಾಡಿ, ಎರಡನೇ ಗೇರಿನಲ್ಲಿ ಇಬ್ಬರಿಂದ ತಳ್ಳಿಸಿ. ಎಂಜಿನ್ ಹತ್ತಿಕೊಂಡರೆ ಫಿಟ್ಟಿಂಗ್ ಮುಗಿದಿಲ್ಲ, ಹಣ ಪೂರ್ತಿ ಕೊಡಬೇಡಿ. ಮರುದಿನ ಬೆಳಿಗ್ಗೆ ಎರಡನೇ ಹಂತದ ಕರೆಂಟ್ ಅಳತೆಯನ್ನು ಇನ್ನೊಮ್ಮೆ ಮಾಡಿ.

## ಇನ್ಶೂರೆನ್ಸ್

ಎಆರ್‌ಎಐ (ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ) ಮಾನ್ಯತೆಯ ಸಾಧನವಾದರೆ ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ಹಾನಿ, ಕಳ್ಳತನದ) ಪ್ರೀಮಿಯಮ್ಮಿನಲ್ಲಿ ಸಾಮಾನ್ಯವಾಗಿ ಶೇ. 2.5ರಷ್ಟು, ಹೆಚ್ಚೆಂದರೆ 500 ರೂಪಾಯಿ ರಿಯಾಯಿತಿ ಸಿಗುತ್ತದೆ. ಪ್ರಮಾಣಪತ್ರ ಮತ್ತು ಬಿಲ್ ಇಟ್ಟುಕೊಳ್ಳಿ. ಹಳೇ ಕಾರಿಗೆ ಬರೀ ಥರ್ಡ್ ಪಾರ್ಟಿ ಮಾಡಿಸಿದ್ದರೆ ಕಳ್ಳತನಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಕಾರು ಕಾಣೆಯಾದರೆ ಮೊದಲು 112ಕ್ಕೆ ಫೋನ್, ಆಮೇಲೆ ಠಾಣೆಯಲ್ಲಿ ಎಫ್‌ಐಆರ್. ಕ್ಲೇಮ್ ಮಾಡುವಾಗ ಎರಡೂ ಕೀ ಕೇಳುತ್ತಾರೆ.

## ಕೆಡುವ ಮುನ್ಸೂಚನೆಗಳು

ಇಂಡಿಕೇಟರ್ ಎಂದಿಗಿಂತ ಮಂದವಾಗಿ ಮಿನುಗಿದರೆ ಬ್ಯಾಟರಿ ಇಳಿಯುತ್ತಿದೆ ಅಥವಾ ಅರ್ಥಿಂಗ್ ಹೋಗುತ್ತಿದೆ. ರಿಮೋಟನ್ನು ಕಾರಿನ ಹತ್ತಿರ ಹತ್ತಿರ ಒಯ್ಯಬೇಕಾಗುತ್ತಿದ್ದರೆ ಅದರ ಸೆಲ್ ಬದಲಿಸಿ. ಮಳೆ ನಿಂತ ಮೇಲೆ, ಸುಮಾರು ಒಂದು ಗಂಟೆ ಬಿಟ್ಟು ಕೂಗಿದರೆ ಶಾಕ್ ಸೆನ್ಸರನ್ನು ಮುಟ್ಟಬೇಡಿ, ಪಿನ್ ಸ್ವಿಚ್‌ಗಳಲ್ಲಿ ನೀರು ಸೇರಿದೆ. ಓಡುವಾಗ ಎಂಜಿನ್ ಕ್ಷಣ ತಪ್ಪಿ ಮತ್ತೆ ಹಿಡಿದರೆ ರಿಲೇ ಸಾಕೆಟ್ ಸಡಿಲವಾಗಿದೆ. ಅಂದೇ ನೋಡಿಸಿ, ಆ ಸ್ಥಿತಿಯಲ್ಲಿ ಘಾಟಿ ಇಳಿಯಬೇಡಿ. ಪಿನ್ ಸ್ವಿಚ್, ಅರ್ಥ್ ಪಟ್ಟಿ, ಬಾನೆಟ್ ಕೇಬಲ್ ಮೂರನ್ನೂ ವರ್ಷಕ್ಕೆರಡು ಸಲ ಬಿಚ್ಚಿ ನೋಡಬೇಕು, ಮೇ ಕೊನೆಯಲ್ಲಿ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ. ಸೈರನ್ ಒಳಗಿನ ಬ್ಯಾಟರಿಯೂ ಕಾಲಕ್ರಮದಲ್ಲಿ ಸಾಯುತ್ತದೆ, ಬಿಚ್ಚಿ ನೋಡಿದ ದಿನವೇ ಕೇಬಲ್ ತೆಗೆದು ಕೂಗಿಸಿ ನೋಡಿ.